ಆಕರ ಮೊದಲು, ವಿಷಯ ಆಮೇಲೆ: ಕರಾವಳಿಯಿಂದ ಇತಿಹಾಸದಲ್ಲಿ ಪಿಎಚ್.ಡಿ. ಮಾಡಹೊರಟವರಿಗೆ

ಎಂ.ಎ. ಮುಗಿಸಿದ ವಿದ್ಯಾರ್ಥಿಗಳು ಪಿಎಚ್.ಡಿ. ಮಾಡುವ ಇಚ್ಛೆಯಿಂದ ಮಾತಿಗೆ ಬಂದಾಗ ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, “ಯಾವ ವಿಷಯ ತೆಗೆದುಕೊಳ್ಳುವುದು ಒಳ್ಳೆಯದು?” ಎಂಬುದು. ಗೈಡ್ ಯಾರು ಸಿಗಬಹುದು ಎಂಬುದು ಎರಡನೆಯ ಪ್ರಶ್ನೆ. ಆಕರಗಳು ಎಲ್ಲಿವೆ ಎಂಬ ಪ್ರಶ್ನೆ ಬರುವುದು ಬಹಳ ತಡವಾಗಿ, ಕೆಲವೊಮ್ಮೆ ನೋಂದಣಿಯಾಗಿ ಎರಡು ವರ್ಷ ಕಳೆದ ಮೇಲೆ. ಇತಿಹಾಸದ ಮಟ್ಟಿಗೆ ಈ ಕ್ರಮವನ್ನು ತಿರುವುಮುರುವು ಮಾಡಿಕೊಳ್ಳಬೇಕು ಎಂಬುದೇ ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಹೊರಟಿರುವುದು. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿದ್ದುಕೊಂಡು ಸಂಶೋಧನೆ ಮಾಡುವವರಿಗಂತೂ ಇದು ಇನ್ನಷ್ಟು ಅಗತ್ಯ. ಏಕೆಂದರೆ ನಮ್ಮ ನೆಲದ ಚರಿತ್ರೆಯ ದಾಖಲೆಗಳಲ್ಲಿ ದೊಡ್ಡ ಪಾಲು ನಮ್ಮ ನೆಲದಲ್ಲಿಲ್ಲ.

ಅರ್ಜಿ ಹಾಕುವ ಮುನ್ನ

ಉದ್ಯೋಗಕ್ಕಾಗಿ ಮಾತ್ರ ಪಿಎಚ್.ಡಿ. ಮಾಡುವವರು ಒಂದು ಸಂಗತಿಯನ್ನು ತಿಳಿದಿರಬೇಕು. 2023ರ ಜುಲೈ 1ರಿಂದ ಜಾರಿಗೆ ಬಂದ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ (ಯುಜಿಸಿ) ತಿದ್ದುಪಡಿಯ ಪ್ರಕಾರ ಸಹಾಯಕ ಪ್ರಾಧ್ಯಾಪಕರ ನೇರ ನೇಮಕಾತಿಗೆ ರಾಷ್ಟ್ರಮಟ್ಟದ ನೆಟ್ ಅಥವಾ ರಾಜ್ಯಮಟ್ಟದ ಸೆಟ್, ಸ್ಲೆಟ್ ಪರೀಕ್ಷೆ ಕನಿಷ್ಠ ಅರ್ಹತೆಯಾಗಿದ್ದು, ಪಿಎಚ್.ಡಿ. ಐಚ್ಛಿಕ. ಹಾಗಾಗಿ ಕೆಲಸವೇ ಗುರಿಯಾದರೆ ಆರು ವರ್ಷವನ್ನು ಮಹಾಪ್ರಬಂಧಕ್ಕೆ ಕೊಡುವ ಮೊದಲು ಆರು ತಿಂಗಳನ್ನು ಕರ್ನಾಟಕದ ಸೆಟ್ ಆದ ಕೆ-ಸೆಟ್ ತಯಾರಿಗೆ ಕೊಡುವುದು ಲೇಸು. ಕೆ-ಸೆಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ಇರುತ್ತದೆ. ನೆಟ್ ಪರೀಕ್ಷೆಯ ಇತಿಹಾಸ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ನೆಟ್‌ನಲ್ಲಿ ಎಡವುವುದು ವಿಷಯ ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದ ವಿಷಯದ ಇಂಗ್ಲಿಷ್ ಪರಿಭಾಷೆ ಪರಿಚಯವಿಲ್ಲದೆ. ಓದುವಾಗಲೇ ಪ್ರತಿ ಅಧ್ಯಾಯಕ್ಕೂ ಎರಡೂ ಭಾಷೆಯ ಪಾರಿಭಾಷಿಕ ಪದಗಳ ಒಂದು ಪಟ್ಟಿ ಮಾಡಿಕೊಳ್ಳುವುದು ಇದಕ್ಕಿರುವ ಸರಳ ಪರಿಹಾರ.

ಅರ್ಹತೆಯ ವಿಚಾರ ಹೆಚ್ಚು ಗೊಂದಲದ್ದಲ್ಲ. ಈಗ ಜಾರಿಯಲ್ಲಿರುವುದು ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿ. ಅದರಂತೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು. ನಾಲ್ಕು ವರ್ಷದ ಪದವಿಯ ನಂತರ ನೇರವಾಗಿ ಬರುವವರಿಗೆ ಶೇ. 75. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ಶೇ. 5ರ ಸಡಿಲಿಕೆ ಇದೆ. ಎಂ.ಫಿಲ್. ಎಂಬ ಮೆಟ್ಟಿಲು ಈಗ ಇಲ್ಲ. ಆರಂಭದ ತರಗತಿಗಳಾದ ಕೋರ್ಸ್ ವರ್ಕ್ ಸೇರಿ ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು ವರ್ಷ. ವಿಶ್ವವಿದ್ಯಾನಿಲಯ ಒಪ್ಪಿದರೆ ಇನ್ನೆರಡು ವರ್ಷದ ವಿಸ್ತರಣೆ ಸಿಗುತ್ತದೆ, ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಮತ್ತೆರಡು ವರ್ಷ. ಮಹಿಳಾ ಸಂಶೋಧಕರು ಹೆರಿಗೆ ಮತ್ತು ಶಿಶುಪಾಲನೆಗಾಗಿ ಇಡೀ ಅವಧಿಯಲ್ಲಿ 240 ದಿನಗಳವರೆಗೆ ರಜೆ ಪಡೆಯಬಹುದು. ಈ ಸೌಲಭ್ಯವನ್ನು ಕೇಳಲು ಹಿಂಜರಿದು ನೋಂದಣಿಯನ್ನೇ ಬಿಟ್ಟುಕೊಟ್ಟವರನ್ನು ನಾನು ಕಂಡಿದ್ದೇನೆ. ಅದು ಉಪಕಾರವಲ್ಲ, ನಿಯಮದಲ್ಲಿಯೇ ಇರುವ ಹಕ್ಕು.

ಶಾಲಾ ಕಾಲೇಜುಗಳಲ್ಲಿ ಕೆಲಸದಲ್ಲಿರುವವರು ಅರೆಕಾಲಿಕವಾಗಿ ನೋಂದಾಯಿಸಿಕೊಳ್ಳಬಹುದು. ಅದಕ್ಕೆ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಬೇಕು, ಅಗತ್ಯವಿದ್ದಲ್ಲಿ ಕೋರ್ಸ್ ವರ್ಕ್‌ಗಾಗಿ ಕೆಲಸದಿಂದ ಬಿಡುಗಡೆ ಮಾಡುತ್ತೇವೆ ಎಂಬ ಮಾತೂ ಅದರಲ್ಲಿ ಇರಬೇಕು. ದೂರಶಿಕ್ಷಣ ಅಥವಾ ಆನ್‌ಲೈನ್ ಪಿಎಚ್.ಡಿ.ಗೆ ಈ ನಿಯಮಾವಳಿಯಲ್ಲಿ ಮಾನ್ಯತೆ ಇಲ್ಲ. “ಮನೆಯಲ್ಲಿಯೇ ಕುಳಿತು ಒಂದೂವರೆ ವರ್ಷದಲ್ಲಿ ಡಾಕ್ಟರೇಟ್” ಎಂಬ ಜಾಹೀರಾತು ಕಂಡರೆ ಅಲ್ಲಿಂದಲೇ ಹಿಂದಿರುಗುವುದು ಕ್ಷೇಮ.

ಪ್ರವೇಶದ ದಾರಿ ಎರಡು. 2024-25ರಿಂದ ನೆಟ್ ಪರೀಕ್ಷೆಯ ಫಲಿತಾಂಶವೇ ಮೂರು ವರ್ಗಗಳಲ್ಲಿ ಬರುತ್ತದೆ: ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಹಿತ ಅರ್ಹತೆ, ಸಹಾಯಕ ಪ್ರಾಧ್ಯಾಪಕ ಹುದ್ದೆ ಮತ್ತು ಪಿಎಚ್.ಡಿ. ಪ್ರವೇಶದ ಅರ್ಹತೆ, ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ ಅರ್ಹತೆ. ಎರಡನೆಯ ಮತ್ತು ಮೂರನೆಯ ವರ್ಗದವರ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ, ಮತ್ತು ಆ ಅಂಕ ಪ್ರವೇಶಕ್ಕೆ ಒಂದು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ. ವಿಶ್ವವಿದ್ಯಾನಿಲಯ ತನ್ನದೇ ಪ್ರವೇಶ ಪರೀಕ್ಷೆ ನಡೆಸುವುದಾದರೆ ಅರ್ಧ ಪ್ರಶ್ನೆಗಳು ಸಂಶೋಧನಾ ವಿಧಾನದ ಮೇಲೆ, ಇನ್ನರ್ಧ ಇತಿಹಾಸದ ಮೇಲೆ ಇರುತ್ತವೆ. ಇತಿಹಾಸದ ಭಾಗಕ್ಕೆ ಎಂ.ಎ. ಓದು ಸಾಕಾಗುತ್ತದೆ. ಹೆಚ್ಚಿನವರು ಅಂಕ ಕಳೆದುಕೊಳ್ಳುವುದು ಸಂಶೋಧನಾ ವಿಧಾನದಲ್ಲಿ.

ಜೆಆರ್‌ಎಫ್ ಸಿಕ್ಕಿದವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಸಿಗದವರು ಭಾರತೀಯ ಇತಿಹಾಸ ಅನುಸಂಧಾನ ಪರಿಷತ್ತಿನ ಫೆಲೋಶಿಪ್ ಮತ್ತು ಅಧ್ಯಯನ ಪ್ರವಾಸದ ಅನುದಾನಗಳ ಪ್ರಕಟಣೆಗಳ ಮೇಲೆ ಕಣ್ಣಿಟ್ಟಿರಬೇಕು. ಪರಿಷತ್ತಿನ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ.

ಎಲ್ಲಿ ನೋಂದಾಯಿಸಿಕೊಳ್ಳುವುದು

ಕರಾವಳಿಯವರಿಗೆ ಸಹಜವಾಗಿ ಮೊದಲು ಹೊಳೆಯುವುದು ಕೊಣಾಜೆಯ ಮಂಗಳಗಂಗೋತ್ರಿ. ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಅದು 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಅಂತರಶಿಸ್ತೀಯ ವಿಷಯ ಇಟ್ಟುಕೊಂಡವರು ಮಣಿಪಾಲದ ಮಾನವಿಕ ಕೇಂದ್ರವನ್ನು ವಿಚಾರಿಸಬಹುದು. ಕನ್ನಡದಲ್ಲಿಯೇ ಮಹಾಪ್ರಬಂಧ ಬರೆಯಬೇಕೆಂಬ ಸಂಕಲ್ಪ ಇರುವವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇದೆ. ಬೇರೆಡೆ ಕನ್ನಡದಲ್ಲಿ ಬರೆಯಲು ಅವಕಾಶ ಇದೆಯೇ ಎಂಬುದನ್ನು ಆಯಾ ವಿಶ್ವವಿದ್ಯಾನಿಲಯದ ನಿಯಮದಲ್ಲಿ ನೋಡಿ, ಲಿಖಿತವಾಗಿ ಖಚಿತಪಡಿಸಿಕೊಂಡು ಮುಂದುವರಿಯಬೇಕು. ಬಾಯಿಮಾತಿನ ಭರವಸೆ ಸಲ್ಲಿಕೆಯ ದಿನ ಉಪಯೋಗಕ್ಕೆ ಬರುವುದಿಲ್ಲ.

ಆಕರಗಳನ್ನು ಹುಡುಕಿ ವಿಷಯ ಗೊತ್ತುಮಾಡುವುದು

ನಾನು ಮೊದಲು ಬರೆದುಕೊಂಡು ಹೋಗಿದ್ದ ವಿಷಯ, ಹದಿನಾರು ಮತ್ತು ಹದಿನೇಳನೆಯ ಶತಮಾನದಲ್ಲಿ ಬಸ್ರೂರು ಮತ್ತು ಗಂಗೊಳ್ಳಿ ಬಂದರುಗಳ ಅಕ್ಕಿ ವ್ಯಾಪಾರ. ಪುಸ್ತಕಗಳಿಂದ ಆರಿಸಿದ ಮೂರು ಪುಟದ ಟಿಪ್ಪಣಿಯನ್ನು ನನ್ನ ಮಾರ್ಗದರ್ಶಕರು ಪೂರ್ತಿ ಓದಿದರು. ಓದಿ, “ನಿಮಗೆ ಪೋರ್ಚುಗೀಸ್ ಬರ್ತದಾ?” ಎಂದು ಕೇಳಿದರು. ಇಲ್ಲ ಎಂದೆ. “ಕಲೀಲಿಕ್ಕೆ ಎರಡು ವರ್ಷ ಕೊಡ್ತೀರಾ?” ಎಂದರು. ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಬಸ್ರೂರು ಪೋರ್ಚುಗೀಸ್ ದಾಖಲೆಗಳಲ್ಲಿ ಬಾರ್ಸೆಲೋರ್ ಆಗಿ, ಗಂಗೊಳ್ಳಿ ಕಾಂಬೋಲಿಂ ಆಗಿ ಇರುವುದೂ, ಆ ದಾಖಲೆಗಳ ದೊಡ್ಡ ಸಂಗ್ರಹ ಪಣಜಿಯ ಪತ್ರಾಗಾರದಲ್ಲಿ (ಹಳೆಯ ಸರಕಾರಿ ದಾಖಲೆಗಳ ಭಂಡಾರದಲ್ಲಿ) ಇರುವುದೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಭಾಷೆಯಿಲ್ಲದೆ ನಡೆದೀತು ಎಂದುಕೊಂಡಿದ್ದೆ. ಕೊನೆಗೆ ನಾನು ಆರಿಸಿದ್ದು ನನ್ನ ಕೈಗೆಟಕುವ ಎರಡು ಭಾಷೆಗಳಲ್ಲಿ ಕಡತಗಳಿರುವ ಗೇಣಿ ಪದ್ಧತಿಯನ್ನು.

ಆದುದರಿಂದ ವಿಷಯ ಹೊಳೆದ ಕೂಡಲೇ ಮಾಡಬೇಕಾದ ಕೆಲಸ ಇದು. ಒಂದು ಹಾಳೆಯಲ್ಲಿ, ಈ ವಿಷಯಕ್ಕೆ ಬೇಕಾದ ಮೂಲ ಆಕರಗಳು ಯಾವುವು, ಅವು ಯಾವ ಊರಿನ ಯಾವ ಕಟ್ಟಡದಲ್ಲಿವೆ, ಯಾವ ಭಾಷೆ ಮತ್ತು ಯಾವ ಲಿಪಿಯಲ್ಲಿವೆ, ಅವುಗಳನ್ನು ನೋಡಲು ಯಾರ ಅನುಮತಿ ಬೇಕು ಎಂದು ಬರೆಯಿರಿ. ಹಾಳೆ ಅರ್ಧದಷ್ಟೂ ತುಂಬದಿದ್ದರೆ ಆ ವಿಷಯ ಸದ್ಯಕ್ಕೆ ನಿಮ್ಮದಲ್ಲ.

ಈ ಹಾಳೆಯನ್ನು ತುಂಬಿಸಲು ಜಿಲ್ಲೆಯ ಆಡಳಿತ ಚರಿತ್ರೆ ತಿಳಿದಿರಬೇಕು. 1799ರಲ್ಲಿ ಟಿಪ್ಪುವಿನ ಪತನದ ನಂತರ ಕೆನರಾ (ಇಂದಿನ ಉತ್ತರ ಕನ್ನಡ, ದಕ್ಷಿಣ ಕನ್ನಡ ಸೇರಿದ ಕರಾವಳಿ) ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು, ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರ್. 1860ರ ಸುಮಾರಿಗೆ ಕೆನರಾ ಎರಡಾಯಿತು. ಉತ್ತರ ಭಾಗ 1862ರಲ್ಲಿ ಬೊಂಬಾಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಕೆನರಾ ಮದರಾಸಿನಲ್ಲಿಯೇ ಉಳಿಯಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿಯತನಕ ಅರಬ್ಬೀ ಸಮುದ್ರದ ಅಮಿನಿದೀವಿ ದ್ವೀಪಗಳೂ ನಮ್ಮ ಜಿಲ್ಲೆಯಲ್ಲಿದ್ದವು ಎಂಬುದು ಈಗ ಮಂಗಳೂರಿನಲ್ಲಿಯೇ ಹಲವರಿಗೆ ಗೊತ್ತಿಲ್ಲ. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್‌ನಲ್ಲಿ. ಪ್ರತಿ ಬಾರಿ ಗಡಿ ಬದಲಾದಾಗ ಕಡತಗಳೂ ಊರು ಬದಲಾಯಿಸಿವೆ, ಅಥವಾ ಬದಲಾಯಿಸದೆ ಹಳೆಯ ರಾಜಧಾನಿಯಲ್ಲಿಯೇ ಉಳಿದುಬಿಟ್ಟಿವೆ.

ಹೀಗಾಗಿ ಹತ್ತೊಂಬತ್ತನೆಯ ಶತಮಾನದ ದಕ್ಷಿಣ ಕನ್ನಡದ ಕಂದಾಯ ವ್ಯವಸ್ಥೆ, ಕಂಪನಿ ಆಡಳಿತದ ವಿರುದ್ಧದ 1837ರ ಕಲ್ಯಾಣಪ್ಪನ ದಂಗೆ, ಅರಣ್ಯ, ಉಪ್ಪು, ಬಂದರು, ಇವುಗಳಲ್ಲಿ ಯಾವುದನ್ನೇ ಹಿಡಿದರೂ ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ ಹೋಗದೆ ಗತ್ಯಂತರವಿಲ್ಲ. ರೆವೆನ್ಯೂ ಬೋರ್ಡಿನ ನಡಾವಳಿಗಳು ಮತ್ತು ಜಿಲ್ಲಾ ದಾಖಲೆಗಳು ಅಲ್ಲಿವೆ. ಕಾಸರಗೋಡಿನ ಕೆಲವು ಎಳೆಗಳಿಗೆ ಕೋಝಿಕ್ಕೋಡಿನ ಪ್ರಾದೇಶಿಕ ಪತ್ರಾಗಾರವನ್ನೂ ನೋಡಬೇಕಾಗಬಹುದು. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಮಟ್ಟಿಗೆ ಪ್ರಯಾಣಕ್ಕೆ ಮೊದಲು ಅದರ ‘ಅಭಿಲೇಖ ಪಟಲ’ ಜಾಲತಾಣದಲ್ಲಿ ಹುಡುಕಿ ನೋಡುವುದು ಜಾಣತನ.

ಶಾಸನಗಳಲ್ಲಿಯೂ ಇದೇ ಕತೆ. ಲೂಯಿಸ್ ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡು ಸಂಪುಟಗಳನ್ನು ತಿರುವಿ, ಬಾರಕೂರಿನ ಒಂದು ಶಾಸನವೂ ಸಿಗದೆ ಪೆಚ್ಚಾದ ವಿದ್ಯಾರ್ಥಿಗಳಿದ್ದಾರೆ. ಆ ಸಂಪುಟಗಳು ಮೈಸೂರು ಸಂಸ್ಥಾನ ಮತ್ತು ಕೊಡಗಿನ ಶಾಸನಗಳಿಗೆ ಮೀಸಲು. ನಾವು ಆಗ ಮದರಾಸಿನವರು. ಬಾರಕೂರು, ಮಂಗಳೂರು, ಮೂಡುಬಿದಿರೆಯ ಶಾಸನಗಳನ್ನು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ ಏಳನೆಯ ಸಂಪುಟದಲ್ಲಿ ಮತ್ತು ಶಾಸನ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಹುಡುಕಬೇಕು. ಆ ಇಲಾಖೆಯ ಮುಖ್ಯ ಕಚೇರಿ ಮೈಸೂರಿನಲ್ಲಿದೆ.

ಊರಿನಲ್ಲಿಯೇ ಇರುವ ಸಂಪತ್ತನ್ನೂ ಮರೆಯಬಾರದು. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಅದರ ಅಚ್ಚುಕೂಟ ಆರಂಭವಾದದ್ದು 1841ರಲ್ಲಿ, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟದ್ದು 1843ರ ಜುಲೈ 1ರಂದು. ಆ ಪರಂಪರೆಯ ಮುದ್ರಿತ ಸಾಹಿತ್ಯ ಮತ್ತು ದಾಖಲೆಗಳು ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿವೆ. ಮಿಷನರಿಗಳ ವರದಿಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ, ಅಲ್ಲಿನ ಛಾಯಾಚಿತ್ರ ಸಂಗ್ರಹವನ್ನು ಅಂತರಜಾಲದಲ್ಲಿಯೇ ನೋಡಬಹುದು. ಆದರೆ ಆ ವರದಿಗಳು ಹಳೆಯ ಜರ್ಮನ್ ಕೈಬರಹದಲ್ಲಿವೆ. ಇಂದಿನ ಜರ್ಮನ್ ಕಲಿತವರಿಗೂ ಅದನ್ನು ಓದಲು ಬೇರೆಯೇ ಅಭ್ಯಾಸ ಬೇಕು. ಉಡುಪಿಯಲ್ಲಿ ಎಂ.ಜಿ.ಎಂ. ಕಾಲೇಜಿನ ಆವರಣದ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ, ಉಜಿರೆಯ ಹಸ್ತಪ್ರತಿ ಸಂಗ್ರಹ, ಮೂಡುಬಿದಿರೆಯ ಜೈನ ಮಠದ ತಾಳೆಗರಿಗಳು, ಇವುಗಳ ಸೂಚಿಗಳನ್ನಾದರೂ ಒಮ್ಮೆ ನೋಡದೆ ತುಳುನಾಡಿನ ಮಧ್ಯಯುಗದ ಮೇಲೆ ವಿಷಯ ನಿಗದಿ ಮಾಡಿಕೊಳ್ಳಬಾರದು.

ಆಧುನಿಕ ಚರಿತ್ರೆಯಲ್ಲಿ ಆಸಕ್ತಿ ಇರುವವರಿಗೆ ನಾನು ಬಲವಾಗಿ ಸೂಚಿಸುವ ಆಕರ ಒಂದಿದೆ: ಭೂ ನ್ಯಾಯಮಂಡಳಿಗಳ ಕಡತಗಳು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ಅಡಿಯಲ್ಲಿ ಒಕ್ಕಲುಗಳು ನಮೂನೆ 7ರಲ್ಲಿ ಸಲ್ಲಿಸಿದ ಅರ್ಜಿಗಳನ್ನು ಕರಾವಳಿಯಲ್ಲಿ ಜನ ಇಂದಿಗೂ ‘ಡಿಕ್ಲರೇಷನ್’ ಎಂದೇ ಕರೆಯುತ್ತಾರೆ. ಅವು ತಾಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿವೆ. ಒಂದು ಕಡತವನ್ನು ಬಿಚ್ಚಿದರೆ ಗೇಣಿ ಎಷ್ಟು ಮುಡಿ ಅಕ್ಕಿ, ಅದನ್ನು ಯಾರು ಹೊತ್ತು ತಂದು ಅಳೆದುಕೊಟ್ಟರು, ರಶೀದಿ ಕೊಡುವ ರೂಢಿ ಇತ್ತೇ, ಮೂಲಗೇಣಿಯೇ (ಶಾಶ್ವತ ಗೇಣಿ) ಚಾಲಗೇಣಿಯೇ (ತಾತ್ಕಾಲಿಕ ಗೇಣಿ), ಸಾಕ್ಷಿ ಹೇಳಿದ ನೆರೆಮನೆಯವರು ಯಾರ ಪಕ್ಷ ವಹಿಸಿದರು ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಹೆಬ್ಬೆಟ್ಟಿನ ಗುರುತುಗಳ ನಡುವೆ ಅಪರೂಪಕ್ಕೆ ಒಂದು ಸಹಿ ಕಂಡರೆ, ಆ ಮನೆಯಲ್ಲಿ ಯಾರೋ ಶಾಲೆಗೆ ಹೋಗಿದ್ದರು ಎಂಬುದೂ ಒಂದು ಮಾಹಿತಿಯೇ. ಸಂಬಂಧಪಟ್ಟ ಕುಟುಂಬಗಳು ಈಗಲೂ ಅಕ್ಕಪಕ್ಕದಲ್ಲಿಯೇ ಬದುಕುತ್ತಿರುವುದರಿಂದ ಹೆಸರುಗಳನ್ನು ಬದಲಿಸಿ ಬರೆಯುವ ಎಚ್ಚರ ಅಗತ್ಯ.

ವಿಷಯ ಈಗಾಗಲೇ ಆಗಿಹೋಗಿದೆಯೇ ಎಂದು ನೋಡಲು ಇನ್‌ಫ್ಲಿಬ್‌ನೆಟ್‌ನ ‘ಶೋಧಗಂಗಾ’ ಎಂಬ ಮಹಾಪ್ರಬಂಧಗಳ ಅಂತರಜಾಲ ಭಂಡಾರದಲ್ಲಿ ಹುಡುಕಿ. ಬಿ.ಎ. ಸಾಲೆತೊರೆ, ಕೆ.ವಿ. ರಮೇಶ್, ಪಿ. ಗುರುರಾಜ ಭಟ್ ಅವರು ತುಳುನಾಡಿನ ಚರಿತ್ರೆಯ ಬಗ್ಗೆ ಮಾಡಿದ ಕೆಲಸವನ್ನು ಓದದೆ ಸಂದರ್ಶನಕ್ಕೆ ಹೋದರೆ ಮುಖಭಂಗ ಖಂಡಿತ. ಓದುವುದು ಒಪ್ಪಿಕೊಳ್ಳುವುದಕ್ಕಾಗಿ ಅಲ್ಲ. ಅವರ ಅಡಿಟಿಪ್ಪಣಿಗಳಲ್ಲಿ ಯಾವ ಆಕರ ಇಲ್ಲ ಎಂದು ಕಂಡುಕೊಳ್ಳುವುದಕ್ಕಾಗಿ.

ಗೈಡ್ ಮತ್ತು ಸಿನಾಪ್ಸಿಸ್

ಪ್ರಾಧ್ಯಾಪಕರು ಒಮ್ಮೆಗೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಸಂಶೋಧಕರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಅವಧಿ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಇವೆರಡನ್ನೂ ಮೊದಲ ಭೇಟಿಯಲ್ಲಿಯೇ ವಿನಯದಿಂದ ಕೇಳಿ ತಿಳಿದುಕೊಂಡರೆ ತಪ್ಪೇನಿಲ್ಲ. ಅದಕ್ಕಿಂತಲೂ ಉಪಯುಕ್ತವಾದದ್ದು, ಅವರ ಬಳಿ ಈಗಾಗಲೇ ಸಂಶೋಧನೆ ಮಾಡುತ್ತಿರುವ ಇಬ್ಬರನ್ನು ಕ್ಯಾಂಟೀನಿನಲ್ಲಿ ಭೇಟಿಯಾಗಿ, ಬರೆದುಕೊಟ್ಟ ಅಧ್ಯಾಯ ಎಷ್ಟು ದಿನದಲ್ಲಿ ತಿದ್ದಿ ಹಿಂದೆ ಬರುತ್ತದೆ ಎಂದು ವಿಚಾರಿಸುವುದು. ಹೆಸರುವಾಸಿಯಾದ, ಆದರೆ ಅಧ್ಯಾಯವನ್ನು ಒಂದು ವರ್ಷ ಮೇಜಿನ ಮೇಲಿಡುವ ಗೈಡ್‌ಗಿಂತ, ಹದಿನೈದು ದಿನದಲ್ಲಿ ಕೆಂಪು ಶಾಯಿ ಬಳಿದು ಕೊಡುವವರೇ ಮೇಲು ಎಂಬುದು ನನ್ನ ಅಭಿಪ್ರಾಯ.

ಸಿನಾಪ್ಸಿಸ್‌ನಲ್ಲಿ, ಅಂದರೆ ಸಂಶೋಧನೆಯ ಪ್ರಸ್ತಾವದಲ್ಲಿ, ‘ಒಂದು ಅಧ್ಯಯನ’ ಎಂದು ಕೊನೆಯಾಗುವ ಶೀರ್ಷಿಕೆಯನ್ನು ದಯವಿಟ್ಟು ಬಿಡಿ. ‘ತುಳುನಾಡಿನ ದೇವಾಲಯಗಳು: ಒಂದು ಅಧ್ಯಯನ’ ಎಂದರೆ ಅದರಲ್ಲಿ ಪ್ರಶ್ನೆಯೇ ಇಲ್ಲ. ‘ವಿಜಯನಗರ ಕಾಲದ ಬಾರಕೂರು ರಾಜ್ಯದಲ್ಲಿ ದೇವಾಲಯಗಳ ಭೂದಾನಗಳನ್ನು ನಿಭಾಯಿಸಿದವರು ಯಾರು?’ ಎಂಬುದು ಪ್ರಶ್ನೆ. ಅದಕ್ಕೆ ಸೀಮೆ ಇದೆ, ಕಾಲ ಇದೆ, ಆಕರ ಇದೆ. ಸಿನಾಪ್ಸಿಸ್‌ಗೆ ಎಂಟರಿಂದ ಹತ್ತು ಪುಟ ಸಾಕು. ಅದರಲ್ಲಿ ಅತಿ ಹೆಚ್ಚು ಶ್ರಮ ಹಾಕಬೇಕಾದದ್ದು ಆಕರಗಳ ಭಾಗಕ್ಕೆ; ನೀವು ಬರೆದಿಟ್ಟುಕೊಂಡ ಆ ಒಂದು ಹಾಳೆಯೇ ಇಲ್ಲಿ ವಿಸ್ತಾರವಾಗುತ್ತದೆ.

ಕೋರ್ಸ್ ವರ್ಕ್ ಕನಿಷ್ಠ 12 ಕ್ರೆಡಿಟ್‌ನದು; ಸಂಶೋಧನಾ ವಿಧಾನ ಮತ್ತು ಸಂಶೋಧನಾ ನೀತಿ ಅದರಲ್ಲಿ ಸೇರಿರುತ್ತವೆ. ಈ ಅವಧಿಯನ್ನು ಕಾಟಾಚಾರಕ್ಕೆ ಕಳೆಯದೆ ಒಂದು ಲಿಪಿಯನ್ನೋ ಭಾಷೆಯನ್ನೋ ಕಲಿಯಲು ಬಳಸಿಕೊಳ್ಳಬಹುದು. ಹಳಗನ್ನಡ ಲಿಪಿ, ತಿಗಳಾರಿ, ಮೋಡಿ, ಇವುಗಳಲ್ಲಿ ನಿಮ್ಮ ವಿಷಯಕ್ಕೆ ಯಾವುದು ಬೇಕೋ ಅದನ್ನು.

ಪತ್ರಾಗಾರದಲ್ಲಿ

ಮಂಗಳೂರು ಸೆಂಟ್ರಲ್‌ನಲ್ಲಿ ಮಧ್ಯಾಹ್ನ ಚೆನ್ನೈ ಮೇಲ್ ಹತ್ತಿದರೆ ಮರುದಿನ ಬೆಳಿಗ್ಗೆ ಚೆನ್ನೈ. ಎಗ್ಮೋರ್ ಅಲ್ಲಿಂದ ದೂರವೇನಲ್ಲ. ಹೊರಡುವ ಮೊದಲು ವಿಭಾಗದ ಮುಖ್ಯಸ್ಥರ ಮತ್ತು ಮಾರ್ಗದರ್ಶಕರ ಸಹಿ, ಮೊಹರು ಇರುವ ಪರಿಚಯ ಪತ್ರ, ಗುರುತಿನ ಚೀಟಿಯ ಪ್ರತಿಗಳು, ಭಾವಚಿತ್ರಗಳು ಕೈಯಲ್ಲಿರಬೇಕು. ಪತ್ರದಲ್ಲಿ ವಿಷಯದ ಜೊತೆಗೆ ನೋಡಬೇಕಾದ ದಾಖಲೆಗಳ ಕಾಲಾವಧಿಯನ್ನೂ ನಮೂದಿಸಿದರೆ ಅನುಮತಿ ಸುಲಭವಾಗುತ್ತದೆ. ಮೊಬೈಲಿನಲ್ಲಿ ಚಿತ್ರ ತೆಗೆಯುವ ವಿಚಾರದಲ್ಲಿ ಪ್ರತಿ ಪತ್ರಾಗಾರದ ನಿಯಮವೂ ಬೇರೆ. ಮೊದಲು ಕೇಳಿ, ಆಮೇಲೆ ತೆಗೆಯಿರಿ. ಮೊದಲ ಎರಡು ದಿನ ಸೂಚಿಗಳಲ್ಲಿಯೇ ಕಳೆದುಹೋಗುತ್ತವೆ ಎಂಬುದನ್ನು ಲೆಕ್ಕಕ್ಕೆ ಹಿಡಿದು ಕನಿಷ್ಠ ಹತ್ತು ದಿನದ ವಾಸ್ತವ್ಯಕ್ಕೆ ಏರ್ಪಾಡು ಮಾಡಿಕೊಳ್ಳಬೇಕು.

ಸೂಚಿಗಳಲ್ಲಿ ಊರಿನ ಹೆಸರುಗಳು ನಾವು ಬರೆಯುವಂತೆ ಇರುವುದಿಲ್ಲ. ಕುಂದಾಪುರ ‘ಕೂಂಡಪೂರ್’ ಆಗಿರಬಹುದು, ಉಡುಪಿ ‘ಉಡಿಪಿ’ ಆಗಿರಬಹುದು, ಬಂಟ್ವಾಳ ‘ಬಂಟ್‌ವಾಲ್’ ಆಗಿರಬಹುದು, ಹೊನ್ನಾವರ ‘ಓನೋರ್’ ಆಗಿರಬಹುದು. ಕೆನರಾ ಎಂಬುದಕ್ಕೇ ಇಂಗ್ಲಿಷಿನಲ್ಲಿ ಎರಡು ಕಾಗುಣಿತಗಳಿವೆ. ಪ್ರತಿ ಊರಿಗೂ ಸಾಧ್ಯವಿರುವ ಎಲ್ಲ ರೂಪಗಳ ಪಟ್ಟಿಯನ್ನು ಮನೆಯಲ್ಲಿಯೇ ಮಾಡಿಕೊಂಡು ಹೋಗಬೇಕು. ಕಂದಾಯ ದಾಖಲೆಗಳಲ್ಲಿ ವರ್ಷವನ್ನು ಫಸಲಿ ಎಂಬ ಕಂದಾಯದ ಕಾಲಗಣನೆಯಲ್ಲಿ ಕೊಟ್ಟಿರುತ್ತಾರೆ. ಅದಕ್ಕೆ 590 ಕೂಡಿಸಿದರೆ ಕ್ರಿಸ್ತಶಕ. ಫಸಲಿ 1210 ಎಂದರೆ 1800ರಲ್ಲಿ ಆರಂಭವಾಗಿ 1801ರಲ್ಲಿ ಮುಗಿಯುವ ಜಮಾಬಂದಿಯ, ಅಂದರೆ ಕಂದಾಯ ಲೆಕ್ಕದ ವರ್ಷ.

ನನ್ನಿಂದ ಆದ ಒಂದು ಪ್ರಮಾದವನ್ನು ಇಲ್ಲಿ ಹೇಳಬೇಕು. ಗೇಣಿಯ ವಿಚಾರದಲ್ಲಿ ಒಬ್ಬ ಕಲೆಕ್ಟರ್ ಬರೆದ ಅತ್ಯುತ್ತಮ ಪತ್ರವೊಂದನ್ನು ಸಂಜೆ ಮುಚ್ಚುವ ಹೊತ್ತಿಗೆ ಕಂಡು, ಗಡಿಬಿಡಿಯಲ್ಲಿ ಪೂರ್ತಿ ನಕಲು ಮಾಡಿಕೊಂಡೆ. ಸಂಪುಟದ ಸಂಖ್ಯೆಯನ್ನು ನಾಳೆ ಬರೆದುಕೊಂಡರಾಯಿತು ಎಂದುಕೊಂಡೆ. ಮರುದಿನ ಬೇರೆ ಕಡತ, ಬೇರೆ ಉತ್ಸಾಹ. ಮೂರು ವರ್ಷದ ನಂತರ ಅಧ್ಯಾಯ ಬರೆಯುವಾಗ ಆ ಪತ್ರ ಯಾವ ಸಂಪುಟದ್ದೆಂದು ತಿಳಿಯದೆ, ಒಂದೇ ಒಂದು ಅಡಿಟಿಪ್ಪಣಿಗಾಗಿ ಮತ್ತೆ ಆ ರೈಲನ್ನೇ ಹತ್ತಬೇಕಾಯಿತು. ಅಂದಿನಿಂದ ನಾನು ಪಾಲಿಸುವ ಕ್ರಮ ಇದು: ಟಿಪ್ಪಣಿಯ ಮೊದಲ ಸಾಲಿನಲ್ಲಿ ಪತ್ರಾಗಾರ, ದಾಖಲೆಯ ಮಾಲೆ, ಸಂಪುಟ, ತಾರೀಖು, ಪುಟ, ಅದು ಪೂರ್ತಿಯಾಗದೆ ಎರಡನೆಯ ಸಾಲು ಬರೆಯುವಂತಿಲ್ಲ. ಚಿತ್ರ ತೆಗೆಯಲು ಅವಕಾಶವಿದ್ದಲ್ಲಿ ಮೊದಲ ಚಿತ್ರ ಸಂಪುಟದ ಬೆನ್ನಿನದ್ದೇ ಆಗಿರಬೇಕು. ಉಚಿತವಾಗಿ ಸಿಗುವ ಝೊಟೆರೊ ತಂತ್ರಾಂಶದಲ್ಲಿ ಇವೆಲ್ಲವನ್ನೂ ಮೊದಲ ದಿನದಿಂದಲೇ ತುಂಬಿಸುತ್ತ ಬಂದರೆ ಕೊನೆಯ ವರ್ಷದ ಅರ್ಧ ತಲೆನೋವು ಕಡಿಮೆಯಾಗುತ್ತದೆ.

ಊರೂರು ಸುತ್ತುವಾಗ

ಕರಾವಳಿಯ ಸಂಶೋಧಕರಿಗೆ ವರ್ಷವನ್ನು ಪಾಲು ಮಾಡಿಕೊಡುವುದು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿ ಹಿಡಿದ ಶಾಸನ ಓದಲಾಗದು, ಗುಡ್ಡದ ಹಾದಿ ಹಿಡಿಯಲಾಗದು. ಅದು ಪತ್ರಾಗಾರಕ್ಕೂ ಬರವಣಿಗೆಗೂ ಸಲ್ಲಬೇಕಾದ ಕಾಲ. ದೀಪಾವಳಿಯಿಂದ ಪತ್ತನಾಜೆಯವರೆಗೆ, ಅಂದರೆ ತುಳು ಬೇಶ ತಿಂಗಳ ಹತ್ತರವರೆಗೆ (ಮೇ ಕೊನೆಯ ವಾರದವರೆಗೆ) ಕ್ಷೇತ್ರಕಾರ್ಯ. ಆದರೆ ಕೋಲ, ನೇಮ, ಜಾತ್ರೆಗಳೂ ಆಗಲೇ ನಡೆಯುವುದರಿಂದ ಗುತ್ತಿನ (ಊರಿನ ಹಳೆಯ ಯಜಮಾನಿಕೆಯ) ಮನೆಯವರನ್ನು ಮಾತನಾಡಿಸುವುದಕ್ಕೆ ನೇಮದ ಮುನ್ನಾದಿನ ಹೋಗಬೇಡಿ.

ಮನೆಗಳಲ್ಲಿ ದಾಖಲೆ ಕೇಳುವಾಗ ಜಾಗದ ವ್ಯಾಜ್ಯಕ್ಕಾಗಿ ಬಂದವರೆಂಬ ಅನುಮಾನ ಸಹಜ. ಪರಿಚಯಸ್ಥರೊಬ್ಬರನ್ನು ಜೊತೆಯಲ್ಲಿ ಕರೆದುಕೊಂಡು ಹೋಗಿ, ಮೊದಲ ದಿನ ಏನನ್ನೂ ಕೇಳದೆ ಬೆಲ್ಲ ನೀರು ಕುಡಿದು ಬರುವುದು ಉತ್ತಮ. ಕಾರ್ಕಳದ ಕಡೆಯ ಒಂದು ಮನೆಗೆ ಮೂರನೆಯ ಸಲ ಹೋದಾಗ ಹಿರಿಯರೊಬ್ಬರು, “ಓಲೆಗಳ ಒಂದು ಕಟ್ಟು ಇತ್ತು ಮೇಡಂ. ಗೆದ್ದಲು ಹಿಡಿದಿತ್ತು. ಅಟ್ಟ ರಿಪೇರಿ ಮಾಡುವಾಗ ಹೊಳೆಗೆ ಬಿಟ್ಟದ್ದು” ಎಂದರು. ಅದಾಗಿ ನಾಲ್ಕು ತಿಂಗಳಾಗಿತ್ತು. ಆದ್ದರಿಂದ ಮನೆಯ ದಾಖಲೆಗಳನ್ನು ನೋಡುವ ಕೆಲಸವನ್ನು ಮುಂದಿನ ವರ್ಷಕ್ಕೆ ಹಾಕದಿರುವುದು ಒಳಿತು.

ಜೀರ್ಣೋದ್ಧಾರಗೊಂಡ ದೇವಸ್ಥಾನಗಳಲ್ಲಿ ಶಾಸನಗಳು ಹೊಸ ನೆಲಹಾಸಿನ ಅಡಿಗೆ ಹೋಗಿರಬಹುದು, ಬಣ್ಣ ಬಳಿಸಿಕೊಂಡಿರಬಹುದು. ಬ್ರಹ್ಮಕಲಶದ (ದೇವಸ್ಥಾನದ ಪುನಃಪ್ರತಿಷ್ಠೆಯ) ಸ್ಮರಣ ಸಂಚಿಕೆಗಳಲ್ಲಿ ಕೆಲವೊಮ್ಮೆ ಹಳೆಯ ಚಿತ್ರ ಸಿಗುತ್ತದೆ, ಆಗ ಅವು ಚಿನ್ನ. ಅವುಗಳಲ್ಲಿ ಬರುವ ‘ಸಾವಿರದ ಇನ್ನೂರು ವರ್ಷಗಳ ಇತಿಹಾಸ’ ಎಂಬ ಮಾತನ್ನು ಮಾತ್ರ ಆಧಾರವಿಲ್ಲದೆ ಎತ್ತಿ ಬರೆಯಬಾರದು. ಶಾಸನದ ಕಲ್ಲಿಗೆ ಎಣ್ಣೆ, ಸುಣ್ಣ, ಚಾಕ್ ಯಾವುದನ್ನೂ ಹಚ್ಚಬೇಡಿ. ಸಂಜೆಯ ಇಳಿಬಿಸಿಲಿನಲ್ಲಿ ಅಥವಾ ರಾತ್ರಿ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಓರೆಯಾಗಿ ಹಿಡಿದರೆ ಅಕ್ಷರದ ಗುಳಿಗಳಲ್ಲಿ ನೆರಳು ನಿಂತು, ಹಗಲಿನಲ್ಲಿ ಕಾಣದ ಸಾಲು ಎದ್ದು ಬರುತ್ತದೆ. ಪಡಿಯಚ್ಚು (ಕಾಗದದ ಮೇಲೆ ಶಾಸನದ ಅಚ್ಚು) ತೆಗೆಯುವುದನ್ನು ಬಲ್ಲವರಿಂದ ಕಲಿತೇ ಮಾಡಬೇಕು.

ಕಾಲಗಣನೆಯ ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಮಂಗಳೂರಿನ ಕದ್ರಿಯ ಲೋಕೇಶ್ವರ ಮೂರ್ತಿಯ ಪೀಠದಲ್ಲಿ, ತುಳುನಾಡನ್ನು ಆಳಿದ ಆಳುಪ ವಂಶದ ದೊರೆ ಕುಂದವರ್ಮನ ಸಂಸ್ಕೃತ ಶಾಸನವಿದೆ. ಕಲಿಯುಗದ 4068 ವರ್ಷಗಳು ಕಳೆದು, ಅದರ ಮೇಲೆ ಒಂಬತ್ತು ತಿಂಗಳು ಕಳೆದಿದ್ದಾಗ ಎಂದು ಅದು ಹೇಳುತ್ತದೆ. ಕಳೆದ ಕಲಿವರ್ಷದಿಂದ 3101ನ್ನು ಕಳೆದರೆ 967. ಅಂದರೆ ಆ ವರ್ಷ ಆರಂಭವಾದದ್ದು 967ರ ವಸಂತದಲ್ಲಿ; ಒಂಬತ್ತು ತಿಂಗಳು ಸೇರಿಸಿದರೆ ನಾವು 968ರ ಜನವರಿಗೆ ಬರುತ್ತೇವೆ. ವರ್ಷವನ್ನು ಮಾತ್ರ ಲೆಕ್ಕ ಹಾಕಿ ತಿಂಗಳನ್ನು ಬಿಟ್ಟವರು 967 ಎಂದು ಬರೆದು ತಪ್ಪುತ್ತಾರೆ. ಶಕವರ್ಷಕ್ಕೆ 78 ಕೂಡಿಸುವಾಗಲೂ ಪುಷ್ಯ, ಮಾಘ, ಫಾಲ್ಗುಣಗಳಿಗೆ ಇದೇ ಎಚ್ಚರ ಬೇಕು. ಆ ಮೂರ್ತಿ ಬೌದ್ಧರದೇ, ನಾಥಪಂಥದ ಜೊತೆಗೆ ಅದರ ನಂಟೇನು ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಬರೆಯುವುದು, ಸಲ್ಲಿಸುವುದು

ಮೊದಲ ಅಧ್ಯಾಯವನ್ನು ಮೊದಲು ಬರೆಯಬೇಕಾಗಿಲ್ಲ. ಯಾವ ಅಧ್ಯಾಯದ ಆಕರ ಸಂಪೂರ್ಣವಾಗಿದೆಯೋ ಅದರಿಂದ ಆರಂಭಿಸಿ, ಪೀಠಿಕೆಯನ್ನು ಕೊನೆಗಿಡಿ. ಕನ್ನಡದಲ್ಲಿ ಬರೆಯುವವರು ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿಸದೆ ಆರಂಭದಿಂದಲೇ ಯೂನಿಕೋಡ್ ಬಳಸಬೇಕು; ಇಲ್ಲವಾದರೆ ಸಲ್ಲಿಕೆಯ ಹೊತ್ತಿನಲ್ಲಿ ಪರಿವರ್ತನೆ ಮಾಡುವಾಗ ಒತ್ತಕ್ಷರಗಳೂ ಅರ್ಕಾವತ್ತುಗಳೂ ಚೆಲ್ಲಾಪಿಲ್ಲಿಯಾಗುತ್ತವೆ. ಪ್ರತಿ ಸೆಮಿಸ್ಟರಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಎದುರು ಪ್ರಗತಿ ಒಪ್ಪಿಸಬೇಕಾಗುತ್ತದೆ. ಅದಕ್ಕೆ ಬರೆದದ್ದನ್ನೇ ಬೆಳೆಸಿ ಕರ್ನಾಟಕ ಇತಿಹಾಸ ಅಕಾದೆಮಿಯ ವಾರ್ಷಿಕ ಸಮ್ಮೇಳನದಲ್ಲಿಯೋ ಇಂಡಿಯನ್ ಹಿಸ್ಟರಿ ಕಾಂಗ್ರೆಸ್‌ನಲ್ಲಿಯೋ ಮಂಡಿಸಬಹುದು. ಸಲ್ಲಿಕೆಗೆ ಮುನ್ನ ಲೇಖನ ಪ್ರಕಟಿಸಲೇಬೇಕು ಎಂಬ ಷರತ್ತನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿದೆ. ವಿಶ್ವವಿದ್ಯಾನಿಲಯದ ಸ್ವಂತ ನಿಯಮವನ್ನು ನೋಡಿಕೊಳ್ಳಿ, ಆದರೆ ಹಣ ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಪತ್ರಿಕೆಗಳ ಸಹವಾಸ ಬೇಡ.

ಕೃತಿಚೌರ್ಯದ ಪರೀಕ್ಷೆಯಲ್ಲಿ ಶೇ. 10ರವರೆಗಿನ ಸಾಮ್ಯಕ್ಕೆ ಶಿಕ್ಷೆಯಿಲ್ಲ. ಶೇ. 10ರಿಂದ 40ರವರೆಗಾದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 40ರಿಂದ 60ರವರೆಗಾದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ಮೀರಿದರೆ ನೋಂದಣಿಯೇ ರದ್ದು. ಯಂತ್ರಕ್ಕೆ ಸಿಗದ ಹಳೆಯ ಕನ್ನಡ ಪುಸ್ತಕದಿಂದ ಎತ್ತಿದ ಪುಟವನ್ನು ವೈವಾದಲ್ಲಿ (ಕೊನೆಯ ಮೌಖಿಕ ಪರೀಕ್ಷೆಯಲ್ಲಿ) ಪರೀಕ್ಷಕರು ನೆನಪಿನಿಂದಲೇ ಗುರುತಿಸಿದ ಪ್ರಸಂಗವೂ ಉಂಟು.

ಪೂರ್ವಭಾವಿ ಮಂಡನೆಯಾದ ಮೇಲೆ ಮಹಾಪ್ರಬಂಧವನ್ನು ಮಾರ್ಗದರ್ಶಕರಲ್ಲದೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ನೋಡುತ್ತಾರೆ. ಒಬ್ಬರು ತಿರಸ್ಕರಿಸಿದರೆ ಇನ್ನೊಬ್ಬರಿಗೆ ಹೋಗುತ್ತದೆ; ಅವರು ಒಪ್ಪಿದರೆ ಮಾತ್ರ ವೈವಾ. ಸಲ್ಲಿಕೆಯಿಂದ ವೈವಾ ಮುಗಿಯುವವರೆಗಿನ ಎಲ್ಲವೂ ಆರು ತಿಂಗಳೊಳಗೆ ಆಗಬೇಕು ಎಂದು ನಿಯಮ ಹೇಳುತ್ತದೆ, ಆದುದರಿಂದ ತಡವಾದರೆ ವಿಚಾರಿಸಲು ಸಂಕೋಚ ಬೇಡ. ವೈವಾ ಬಹಿರಂಗವಾಗಿ ನಡೆಯುತ್ತದೆ. ನಿಮ್ಮ ಸರದಿಗೆ ಮೊದಲು ಬೇರೆ ಮೂವರ ವೈವಾಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತರೆ, “ಈ ಆಕರವನ್ನು ನೀವು ಸ್ವತಃ ನೋಡಿದ್ದೀರಾ, ಯಾರದೋ ಪುಸ್ತಕದಿಂದ ತೆಗೆದುಕೊಂಡದ್ದಾ?” ಎಂಬ ಪ್ರಶ್ನೆ ಪ್ರತಿ ಬಾರಿಯೂ ಬರುವುದು ನಿಮಗೇ ತಿಳಿಯುತ್ತದೆ.

ವೈವಾ ಮುಗಿದ ದಿನವೇ ಪರೀಕ್ಷಕರು ಸೂಚಿಸಿದ ತಿದ್ದುಪಡಿಗಳನ್ನು ಬರೆದಿಟ್ಟುಕೊಳ್ಳಿ. ಶೋಧಗಂಗಾಕ್ಕೆ ಹೋಗುವ ಪ್ರತಿ ತಿದ್ದಿದ ಪ್ರತಿಯೇ ಆಗಿರಲಿ. ತಾತ್ಕಾಲಿಕ ಪ್ರಮಾಣಪತ್ರ ಪಡೆಯುವಾಗ ಪದವಿಯನ್ನು ಯುಜಿಸಿ ನಿಯಮಾವಳಿಯ ಪ್ರಕಾರ ನೀಡಲಾಗಿದೆ ಎಂಬ ಒಕ್ಕಣೆ ಅದರಲ್ಲಿ ಇದೆಯೇ ಎಂದು ಕಚೇರಿಯ ಕಿಟಕಿಯ ಎದುರಿನಲ್ಲಿಯೇ ಓದಿ ನೋಡಿ, ಏಕೆಂದರೆ ಮುಂದೆ ನೇಮಕಾತಿಯ ದಾಖಲೆ ಪರಿಶೀಲನೆಯಲ್ಲಿ ಅದನ್ನೇ ಕೇಳುತ್ತಾರೆ. ಓಲೆ, ಚಿತ್ರ, ರಶೀದಿ ತೋರಿಸಿದ ಮನೆಗಳಿಗೆ ಆಯಾ ಮನೆಯ ವಿಷಯ ಬರುವ ಅಧ್ಯಾಯದ ಒಂದೊಂದು ಪ್ರತಿಯನ್ನು ಮಾಡಿಸಿ, ಕೈಯಾರೆ ತಲುಪಿಸಿ ಬನ್ನಿ.